ಹೈಬ್ರಿಡ್ ಅಂದರೆ ಎಥನಾಲ್ ಕಾರು ಅಂತಲ್ಲ

‘ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್‌ಗೆ ಪೆಟ್ರೋಲೇ ಬೇಡ, ಬರೀ ಎಥನಾಲ್ ಸಾಕು’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದರಲ್ಲಿ ಎರಡು ಬೇರೆ ಗಾಡಿಗಳು ಕಲಸಿಹೋಗಿವೆ.

2023ರ ಆಗಸ್ಟ್ 29ರಂದು ದೆಹಲಿಯಲ್ಲಿ ಸಚಿವ ನಿತಿನ್ ಗಡ್ಕರಿ ತೋರಿಸಿದ್ದು ಫ್ಲೆಕ್ಸ್ ಫ್ಯೂಯೆಲ್ (ಪೆಟ್ರೋಲ್‌ನಲ್ಲಿ ಎಥನಾಲ್ ಹೆಚ್ಚು ಕಮ್ಮಿ ಇದ್ದರೂ ಓಡುವ) ಹೈಕ್ರಾಸ್‌ನ ಪ್ರೊಟೊಟೈಪ್, ಅಂದರೆ ಪ್ರಯೋಗದ ಮಾದರಿ. ಆಗ ಶೋರೂಮಿನಲ್ಲಿ ಮಾರಾಟಕ್ಕಿದ್ದ ಹೈಬ್ರಿಡ್ ಮಾತ್ರ ಪೆಟ್ರೋಲ್ ಗಾಡಿಯೇ.

ಹೈಬ್ರಿಡ್ ಅಂದರೆ ಎಂಜಿನ್ ಜೊತೆ ಮೋಟರು, ಬ್ಯಾಟರಿ ಇರುವ ಕಾರು, ಅಷ್ಟೇ. ಫ್ಲೆಕ್ಸ್ ಫ್ಯೂಯೆಲ್ ಕತೆಯೇ ಬೇರೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹೊಂದದ ರಬ್ಬರ್ ಮತ್ತು ಲೋಹವನ್ನು ಕೆಡಿಸುತ್ತದೆ. ಹಾಗಾಗಿ ಪೈಪು, ಸೀಲು, ಪಂಪು ಅದಕ್ಕೆ ತಕ್ಕಂತಿರಬೇಕು. ಇಂಧನದಲ್ಲಿ ಎಥನಾಲ್ ಎಷ್ಟಿದೆ ಎಂದು ಗುರುತಿಸಿ ಎಂಜಿನ್ ಹೊಂದಿಕೊಳ್ಳಬೇಕು. ಹೈಬ್ರಿಡ್, ಫ್ಲೆಕ್ಸ್ ಫ್ಯೂಯೆಲ್ ಎರಡೂ ಸೇರಿದ ಟೊಯೊಟಾ ಕೊರೊಲಾ ಕಾರು ಬ್ರೆಜಿಲ್‌ನಲ್ಲಿ 2019ರಿಂದಲೇ ಇದೆ.

ಬಂಕಿನಲ್ಲಿ ಸಿಗುವ ಇ20 ಪೆಟ್ರೋಲ್‌ನಲ್ಲಿ ಎಥನಾಲ್ ಶೇ 20ರವರೆಗೆ ಮಾತ್ರ. ಅದನ್ನು ತಡೆದುಕೊಳ್ಳುವ ಕಾರು ಇ85 ಅನ್ನೂ (ಎಥನಾಲ್ ಶೇ 85ರವರೆಗೆ ಇರುವ ಇಂಧನ) ತಡೆಯುತ್ತದೆ ಅನ್ನೋದು ಸುಮ್ನೆ ಮಾತು.

‘ಮೈಲೇಜ್ ಜಾಸ್ತಿ’ ಅಂತಲೂ ಸಂದೇಶದಲ್ಲಿದೆ. ಲೀಟರ್ ಲೆಕ್ಕದಲ್ಲಿ ಎಥನಾಲ್‌ನ ಶಕ್ತಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಮ್ಮಿ. ಆಕ್ಟೇನ್ (ಎಂಜಿನ್ ಒಳಗೆ ಇಂಧನ ಹೊತ್ತಿಗೆ ಮುಂಚೆ ಸಿಡಿಯದಂತೆ ತಡೆಯುವ ಗುಣ) ಹೆಚ್ಚಿದ್ದರೂ ಆ ಕೊರತೆ ಪೂರ್ತಿ ತುಂಬುವುದಿಲ್ಲ. ನಿಮ್ಮ ಕಾರಿಗೆ ಯಾವುದು ಸರಿ ಎಂಬುದು ಮಾಲೀಕರ ಕೈಪಿಡಿಯಲ್ಲಿ ಇರುತ್ತದೆ, ಸಾಮಾನ್ಯವಾಗಿ ಟ್ಯಾಂಕ್ ಮುಚ್ಚಳದ ಬಳಿ ಸ್ಟಿಕ್ಕರ್ ಕೂಡ.