ಕೇಳಿಸಿಕೊಳ್ಳುವ ಮೊದಲು ಹೇಳಬೇಕಾದದ್ದು

"ಇಲ್ಲಿ ಆಡಿದ ಮಾತು ಈ ಕೋಣೆ ದಾಟುವುದಿಲ್ಲ" ಎಂದು ಆಪ್ತಸಮಾಲೋಚಕರು ಮೊದಲ ಭೇಟಿಯಲ್ಲೇ ಅಭಯ ಕೊಡುವುದುಂಟು. ಕಿವಿಗೆ ಹಿತವಾದ ಈ ಮಾತು ಪೂರ್ತಿ ನಿಜವಲ್ಲ. ಬಂದವರು ತಮ್ಮ ಜೀವ ತೆಗೆದುಕೊಳ್ಳುವ ಹಂತದಲ್ಲಿದ್ದರೆ, ಇನ್ನೊಬ್ಬರ ಪ್ರಾಣಕ್ಕೆ ಅಪಾಯವಿದ್ದರೆ, ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದ್ದರೆ ಅಥವಾ ನ್ಯಾಯಾಲಯ ಆದೇಶಿಸಿದರೆ ಗೋಪ್ಯತೆಯನ್ನು ಮುರಿಯಬೇಕಾಗಬಹುದು. ಇದನ್ನು ಮುಚ್ಚಿಟ್ಟು, ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳಿಸಿಕೊಂಡ ಮೇಲೆ ತಿಳಿಸುವುದು ಎಷ್ಟೇ ಸದುದ್ದೇಶದಿಂದ ಆಗಿರಲಿ, ನನ್ನ ಪಾಲಿಗೆ ನಂಬಿಕೆದ್ರೋಹವೇ.

ಅಮೆರಿಕದ ಟರಾಸೋಫ್ ಪ್ರಕರಣವನ್ನು ಈ ವೃತ್ತಿಯ ವಿದ್ಯಾರ್ಥಿಗಳೆಲ್ಲ ಓದುತ್ತಾರೆ, ಆದರೆ ಅರ್ಧ ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. 1969ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ಯುವಕನೊಬ್ಬ ಒಬ್ಬ ಯುವತಿಯನ್ನು ಕೊಲ್ಲುವುದಾಗಿ ತನ್ನ ಮನಶ್ಶಾಸ್ತ್ರಜ್ಞರ ಮುಂದೆ ಹೇಳಿದ. ಅವರು ಸುಮ್ಮನೆ ಕೂರದೆ ವಿಶ್ವವಿದ್ಯಾಲಯದ ಪೊಲೀಸರಿಗೆ ತಿಳಿಸಿದರು. ಪೊಲೀಸರು ವಿಚಾರಿಸಿ ಅವನನ್ನು ಬಿಟ್ಟುಬಿಟ್ಟರು. ಆ ಯುವತಿಗಾಗಲಿ ಆಕೆಯ ಮನೆಯವರಿಗಾಗಲಿ ಯಾರೂ ಏನನ್ನೂ ಹೇಳಲಿಲ್ಲ, ಮತ್ತು ಅಕ್ಟೋಬರಿನಲ್ಲಿ ಆಕೆಯ ಕೊಲೆಯಾಯಿತು. 1974ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ ಎಚ್ಚರಿಕೆ ಕೊಡುವುದು ಚಿಕಿತ್ಸಕರ ಕರ್ತವ್ಯ ಎಂದಿತು. ಮರುವಿಚಾರಣೆಯ ನಂತರ, 1976ರ ತೀರ್ಪಿನಲ್ಲಿ, ಅಪಾಯದಲ್ಲಿರುವವರನ್ನು ರಕ್ಷಿಸಲು ಸೂಕ್ತ ಎಚ್ಚರ ವಹಿಸುವುದೇ ಕರ್ತವ್ಯ ಎಂದು ಅದನ್ನು ವಿಸ್ತರಿಸಿತು. ಎಚ್ಚರಿಸುವುದು ಆ ರಕ್ಷಣೆಯ ದಾರಿಗಳಲ್ಲಿ ಒಂದು ಮಾತ್ರ ಎಂಬ ಈ ವ್ಯತ್ಯಾಸವೇ ಹಲವರ ನೆನಪಿನಿಂದ ಜಾರಿಹೋಗುವುದು. ಗುಟ್ಟು ಬಯಲಾಗುವ ಭಯವಿದ್ದರೆ ಚಿಕಿತ್ಸೆ ಬೇಕಾದವರೇ ದೂರ ಉಳಿಯುತ್ತಾರೆ ಎಂದು ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ಕ್ಲಾರ್ಕ್ ಅವರ ಆತಂಕವೂ ಹಗುರವಾದದ್ದಲ್ಲ. ಆದರೂ ನಾನು ಬಹುಮತದ ಪರ. ಹೇಳಬೇಕೋ ಬೇಡವೋ ಎಂಬಲ್ಲಿಗೇ ಯೋಚನೆ ನಿಲ್ಲಬಾರದು. ಯಾರಿಗೆ, ಎಷ್ಟು, ಯಾವಾಗ ಎಂಬುದನ್ನೂ ತೂಗಬೇಕು. ಅಪಾಯ ತಡೆಯಲು ಬೇಕಾದಷ್ಟನ್ನು ಮೀರಿ ಒಂದು ವಾಕ್ಯ ಹೊರಗೆ ಹೋದರೂ ಅದು ತಪ್ಪೇ.

ಇದರ ಇನ್ನೊಂದು ಮುಖ 1996ರ ಜಾಫಿ ಪ್ರಕರಣ. ಪೊಲೀಸ್ ಅಧಿಕಾರಿಯೊಬ್ಬರು ಸಮಾಲೋಚನೆಯಲ್ಲಿ ಆಡಿದ ಮಾತುಗಳ ಟಿಪ್ಪಣಿಯನ್ನು ಎದುರು ಪಕ್ಷದವರು ಕೇಳಿದಾಗ, ಅಂಥ ಮಾತುಕತೆಗೆ ಕಾನೂನಿನ ರಕ್ಷಣೆ ಇದೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ವಕೀಲರ ಪತ್ರ ಬಂದ ಕೂಡಲೇ ಕಡತ ಒಪ್ಪಿಸಿಬಿಡುವವರಿಗೆ ಇದನ್ನು ನೆನಪಿಸಬೇಕು: ಪತ್ರವೇ ಬೇರೆ, ನ್ಯಾಯಾಲಯದ ಆದೇಶವೇ ಬೇರೆ. (ಟಿಪ್ಪಣಿ ಬರೆಯುವಾಗಲೇ ಅದನ್ನು ಮುಂದೊಂದು ದಿನ ಇನ್ನೊಬ್ಬರು ಓದಬಹುದೆಂಬ ಅರಿವಿದ್ದರೆ ಅರ್ಧ ತೊಂದರೆ ತಪ್ಪೀತು.)

ಚಿಕಿತ್ಸಕರಿಗೂ ಅವರ ಬಳಿ ಬಂದವರಿಗೂ ನಡುವಿನ ಸಂಬಂಧದ ಗಡಿಯ ವಿಷಯದಲ್ಲಿ ನೀತಿಸಂಹಿತೆಗಳೂ ಒಂದೇ ಮಾತು ಹೇಳುವುದಿಲ್ಲ. ಚಿಕಿತ್ಸೆ ಮುಗಿದ ಮೇಲೂ ಲೈಂಗಿಕ ಸಂಬಂಧಕ್ಕೆ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ ಕನಿಷ್ಠ 2 ವರ್ಷದ ನಿಷೇಧ ಹಾಕಿದರೆ, ಅಲ್ಲಿನ ಸಮಾಲೋಚಕರ ಸಂಘ 5 ವರ್ಷ ಎನ್ನುತ್ತದೆ. ತಮ್ಮ ದೌರ್ಬಲ್ಯಗಳನ್ನೆಲ್ಲ ಒಬ್ಬರ ಮುಂದೆ ಬಿಚ್ಚಿಟ್ಟ ವ್ಯಕ್ತಿ ಯಾವ ತಾರೀಖಿನಿಂದ ಅವರಿಗೆ ಸಮಾನರಾಗುತ್ತಾರೆ ಎಂದು ಲೆಕ್ಕ ಹಾಕುವುದೇ ನನಗೆ ವಿಚಿತ್ರವಾಗಿ ಕಾಣುತ್ತದೆ.

ಸಮ್ಮತಿಪತ್ರಕ್ಕೆ ಸಹಿ ಹಾಕಿಸಿದರೆ ಕೆಲಸ ಮುಗಿಯಿತೆಂದು ತಿಳಿದವರಿದ್ದಾರೆ. ನೋವಿನಲ್ಲಿ ಬಂದವರು ಆ ಹಾಳೆಯನ್ನು ಓದಿರುವುದಿಲ್ಲ. ಆದ್ದರಿಂದ ಮೂರನೆಯ ಭೇಟಿಯಲ್ಲೋ ಹತ್ತನೆಯದರಲ್ಲೋ ಅವರು ತಡವರಿಸುತ್ತ "ನಿಮಗೆ ಒಂದು ವಿಷಯ ಹೇಳಲೇ?" ಎಂದಾಗ, ಮಾತನ್ನು ಅಲ್ಲೇ ಒಂದು ನಿಮಿಷ ತಡೆದು, ಯಾವುದನ್ನು ತನ್ನಲ್ಲೇ ಇಟ್ಟುಕೊಳ್ಳಲು ಸಾಧ್ಯ, ಯಾವುದನ್ನು ಸಾಧ್ಯವಿಲ್ಲ ಎಂಬುದನ್ನು ಸಮಾಲೋಚಕರು ಮತ್ತೊಮ್ಮೆ ಬಿಡಿಸಿ ಹೇಳಬೇಕು. ಅದನ್ನು ಕೇಳಿ ಅವರು ಆ ದಿನ ಏನನ್ನೂ ಹೇಳದೆ ಎದ್ದುಹೋಗಬಹುದು. ಹಾಗೆ ಹೋಗುವ ಹಕ್ಕು ಅವರದು.