ಹಾಳೆಯ ಜೊತೆ ಪಾದದ ಭಾರವೂ ಇಳಿಯಬೇಕು
ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಕೊಲಾಜೆನ್ ಡ್ರೆಸ್ಸಿಂಗ್ (ಪ್ರಾಣಿಗಳ ಚರ್ಮ ಮುಂತಾದವುಗಳಿಂದ ತೆಗೆದ ಪ್ರೋಟೀನಿನ ಹಾಳೆ) ನೆರವಾಗುತ್ತದೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಿಜ. ಹಳೇ ಹುಣ್ಣಿನಲ್ಲಿ ಎಂಎಂಪಿ ಅನ್ನೋ ಕಿಣ್ವಗಳು ಜಾಸ್ತಿಯಾಗಿ, ಹೊಸದಾಗಿ ಹುಟ್ಟುವ ಅಂಗಾಂಶವನ್ನೇ ಕರಗಿಸುತ್ತವೆ. ಈ ಹಾಳೆ ಅವಕ್ಕೆ ತಾನೇ ತುತ್ತಾಗಿ, ಹೊಸ ಅಂಗಾಂಶವನ್ನು ಉಳಿಸುತ್ತದೆ. (ಕೊಲಾಜೆನ್ ದನದ್ದೋ, ಹಂದಿಯದ್ದೋ, ಮೀನಿನದ್ದೋ ಅಂತ ಮೊದಲೇ ಕೇಳಿ, ಅಲರ್ಜಿ ಇದ್ದರೆ ಹೇಳಿ.)

ಆದರೆ ಸತ್ತ ಚರ್ಮದ ಮೇಲೆ ಸುಮ್ನೆ ಅಂಟಿಸಿದರೆ ದುಡ್ಡು ದಂಡ. ಕಾಲಿಗೆ ರಕ್ತ ಹರಿಯುತ್ತಿದೆಯಾ ನೋಡಿ, ಡಾಕ್ಟರು ಆ ಸತ್ತ ಚರ್ಮವನ್ನು ತೆಗೆದು, ಸೋಂಕು ಹತೋಟಿಗೆ ತರಬೇಕು. ನಮ್ಮ ಅತ್ತೆ ಡ್ರೆಸ್ಸಿಂಗ್ ಮಾಡಿಸಿಕೊಂಡು ಬಂದು ಅದೇ ಕಾಲೂರಿ ಒಲೆ ಮುಂದೆ ನಿಲ್ಲುತ್ತಿದ್ದರು. ನರ ಸೋತು ನೋವೇ ಗೊತ್ತಾಗುತ್ತಿರಲಿಲ್ಲ. ಭಾರ ತಪ್ಪಿಸುವ ವಿಶೇಷ ಚಪ್ಪಲಿ ಹಾಕಿದ ಮೇಲೇ ಹುಣ್ಣಿನ ತಳ ಕೆಂಪಗಾಗಿ ತುಂಬತೊಡಗಿತು. ದಯವಿಟ್ಟು ಇದನ್ನೂ ಲೇಖನಕ್ಕೆ ಸೇರಿಸಿ.