ಆರೈಕೆಯ ಕೆಲಸದಿಂದ ಉಪಪ್ರಧಾನಿಯ ಸ್ಥಾನಕ್ಕೆ: ಇಂಗ್ಲೆಂಡಿನಿಂದ ಒಂದು ಅನಿಸಿಕೆ

ಗ್ರೇಟರ್ ಮ್ಯಾಂಚೆಸ್ಟರಿನ ನಮ್ಮ ಬೀದಿಯಲ್ಲಿ, ಪಕ್ಕದ ಮನೆಯ ಬಾಗಿಲಿನ ಬದಿಯ ಗೋಡೆಗೆ ತಿರುಪು ಹಾಕಿ ಕೂರಿಸಿದ ಒಂದು ಪುಟ್ಟ ಲೋಹದ ಪೆಟ್ಟಿಗೆಯಿದೆ. ಗೊತ್ತುಪಡಿಸಿದ ಅಂಕಿಗಳನ್ನು ಒತ್ತಿದರೆ ಮುಚ್ಚಳ ತೆರೆದು ಮನೆಯ ಬೀಗದ ಕೈ ಸಿಗುತ್ತದೆ. ಒಳಗೆ ತೊಂಬತ್ತರ ಹತ್ತಿರದ ಅಜ್ಜಿಯೊಬ್ಬರು ಒಂಟಿಯಾಗಿದ್ದಾರೆ. ದಿನಕ್ಕೆ ಮೂರು ಬಾರಿ ಬರುವ ಕೇರರ್ ಹೆಣ್ಣುಮಗಳು ಆ ಬೀಗದ ಕೈಯಿಂದ ಒಳಹೊಕ್ಕು, ನೀಲಿ ಕೈಗವಸು ತೊಟ್ಟು, ಅಜ್ಜಿಯನ್ನು ಎಬ್ಬಿಸಿ, ಮೈ ಒರೆಸಿ, ಬಟ್ಟೆ ಬದಲಿಸಿ, ಗುಳಿಗೆ ಕೊಟ್ಟು, ಎಲ್ಲವನ್ನೂ ಫೋನಿನಲ್ಲಿ ದಾಖಲಿಸಿ ಅರ್ಧ ಗಂಟೆಯೊಳಗೆ ಹೊರಬರುತ್ತಾಳೆ. ಚಳಿಗಾಲದ ಒಂದು ಬೆಳಿಗ್ಗೆ ಆ ಮುಚ್ಚಳ ಹಿಮಕ್ಕೆ ಹೆಪ್ಪುಗಟ್ಟಿ ತೆರೆಯಲೊಲ್ಲದೆ ಹೋದಾಗ ನಾನು ಉಗುರುಬೆಚ್ಚನೆಯ ನೀರು ತಂದು ಸುರಿದೆ. ಹತ್ತು ನಿಮಿಷ ತಡವಾದದ್ದಕ್ಕೆ ಅವಳ ಮುಖ ಬಾಡಿತ್ತು. ಮುಂದಿನ ಮನೆಯಲ್ಲಿ ಮಧುಮೇಹದ ಮುದುಕರೊಬ್ಬರು ತಿಂಡಿಗಾಗಿ ಕಾಯುತ್ತಿರುತ್ತಾರೆ ಎಂಬುದೊಂದೇ ಅವಳ ಚಿಂತೆಯಾಗಿತ್ತು.

ಇದೇ ಕೆಲಸವನ್ನು ಇಲ್ಲಿಯೇ ಸಮೀಪದ ಸ್ಟಾಕ್‌ಪೋರ್ಟಿನಲ್ಲಿ ಮಾಡುತ್ತಿದ್ದ ಆಂಜೆಲಾ ರೇನರ್ 2024ರ ಜುಲೈನಲ್ಲಿ ಬ್ರಿಟನ್ನಿನ ಉಪಪ್ರಧಾನಿಯಾದರು. ಅವರು ಹುಟ್ಟಿದ್ದು 1980ರಲ್ಲಿ, ಬೆಳೆದದ್ದು ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ಕಟ್ಟಿಸಿಕೊಟ್ಟ ಮನೆಗಳ ಕೇರಿಯಲ್ಲಿ. ತಾಯಿಗೆ ಓದುಬರಹ ಬರುತ್ತಿರಲಿಲ್ಲ, ಜೊತೆಗೆ ಮಾನಸಿಕ ಕಾಯಿಲೆಯಿತ್ತು; ಹಾಗಾಗಿ ಆರೈಕೆಯ ಮೊದಲ ಪಾಠ ಅವರಿಗೆ ಮನೆಯಲ್ಲೇ, ಬಾಲ್ಯದಲ್ಲೇ ಆಯಿತು. ಹದಿನಾರನೆಯ ವಯಸ್ಸಿನಲ್ಲಿ ಬಸುರಿಯಾಗಿ ಶಾಲೆ ಬಿಟ್ಟವರು ಮುಂದೆ ಸ್ಥಳೀಯ ಕಾಲೇಜಿನಲ್ಲಿ ಸಾಮಾಜಿಕ ಆರೈಕೆಯ ತರಬೇತಿ ಪಡೆದು, ಕಿವುಡರ ಸನ್ನೆಭಾಷೆಯನ್ನೂ ಕಲಿತು, ಕೌನ್ಸಿಲ್ಲಿನ ನೌಕರಿಯಲ್ಲಿ ಮನೆಮನೆಗೆ ಹೋಗಿ ವೃದ್ಧರನ್ನು ನೋಡಿಕೊಂಡರು. ಅಲ್ಲಿಂದ ಯೂನಿಸನ್ ಕಾರ್ಮಿಕ ಸಂಘದ ಪ್ರತಿನಿಧಿಯಾಗಿ, ವಾಯವ್ಯ ಇಂಗ್ಲೆಂಡಿನ ಸಂಘದ ಮುಂದಾಳಾಗಿ, 2015ರಲ್ಲಿ ಆಷ್ಟನ್ ಅಂಡರ್ ಲೈನ್ ಕ್ಷೇತ್ರದ ಮೊದಲ ಮಹಿಳಾ ಸಂಸದೆಯಾಗಿ, 2020ರಲ್ಲಿ ಲೇಬರ್ ಪಕ್ಷದ ಉಪನಾಯಕಿಯಾಗಿ ಮೇಲೆ ಬಂದರು.

ಆರೈಕೆಯ ಹಿನ್ನೆಲೆಯಿಂದ ಬಂದ ರಾಜಕಾರಣಿ ಈ ದೇಶಕ್ಕೆ ಹೊಸಬರೇನಲ್ಲ. ಭಾರತದ ಸ್ವಾತಂತ್ರ್ಯದ ಕಾಲಕ್ಕೆ ಪ್ರಧಾನಿಯಾಗಿದ್ದ ಕ್ಲೆಮೆಂಟ್ ಆಟ್ಲಿಯವರು ವಕೀಲಿಕೆ ಓದಿದ್ದ ಸ್ಥಿತಿವಂತರ ಮಗ. 1905ರಲ್ಲಿ ಪೂರ್ವ ಲಂಡನ್ನಿನ ಸ್ಟೆಪ್ನಿಯ ಬಡ ಹುಡುಗರ ಕ್ಲಬ್ಬಿಗೆ ಒಮ್ಮೆ ಹೋದವರು ಅಲ್ಲಿಯೇ ನೆಲೆಸಿ ಅದನ್ನು ನಡೆಸಿದರು, 1912ರಿಂದ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನಲ್ಲಿ ಸಮಾಜಕಾರ್ಯದ ಪಾಠ ಹೇಳಿದರು. ತೊಂಬತ್ತರ ದಶಕದಲ್ಲಿ ಕನ್ಸರ್ವೇಟಿವ್ ಪಕ್ಷದ ಆರೋಗ್ಯ ಸಚಿವೆಯಾಗಿದ್ದ ವರ್ಜೀನಿಯಾ ಬಾಟಮ್ಲಿಯವರೂ ಮೊದಲು ಮನೋರೋಗಿಗಳ ನಡುವೆ ಸಮಾಜಕಾರ್ಯ ಮಾಡಿದವರು. ಆದರೆ ಇವರಿಬ್ಬರೂ ಮೇಲಿನಿಂದ ಇಳಿದು ಬಡವರ ಮನೆಯ ಹೊಸ್ತಿಲು ದಾಟಿದವರು. ರೇನರ್ ಆ ಹೊಸ್ತಿಲಿನ ಒಳಗೇ ಹುಟ್ಟಿದವರು, ಗಂಟೆಯ ಕೂಲಿಗೆ ಆ ಕೆಲಸ ಮಾಡಿದವರು. ನನ್ನ ದೃಷ್ಟಿಯಲ್ಲಿ ಈ ವ್ಯತ್ಯಾಸ ಬಹಳ ದೊಡ್ಡದು, ಏಕೆಂದರೆ ಕರುಣೆಯಿಂದ ಬಡತನವನ್ನು ಕಂಡವರಿಗೂ ತಿಂಗಳ ಕೊನೆಗೆ ಸಂಬಳದ ಚೀಟಿಯಲ್ಲಿ ಅದನ್ನು ಓದಿದವರಿಗೂ ಕಾನೂನು ಬರೆಯುವಾಗ ಬೇರೆಬೇರೆ ಸಂಗತಿಗಳು ನೆನಪಾಗುತ್ತವೆ.

ಆಟ್ಲಿ ಸರಕಾರ 1948ರಲ್ಲಿ ಶತಮಾನಗಳ ಹಳೆಯ ಬಡವರ ಕಾನೂನನ್ನು ಕಿತ್ತೊಗೆದದ್ದು ಮಹತ್ಕಾರ್ಯ. ಆದರೆ ಅದೇ ವರ್ಷ ಆಸ್ಪತ್ರೆಯ ಚಿಕಿತ್ಸೆ ಎಲ್ಲರಿಗೂ ಉಚಿತವಾಯಿತು, ವೃದ್ಧರ ಆರೈಕೆ ಮಾತ್ರ ಕೌನ್ಸಿಲ್ಲುಗಳ ಪಾಲಿಗೆ ಬಿದ್ದು, ಆಸ್ತಿ ವರಮಾನ ಅಳೆದು ಹಣ ವಸೂಲು ಮಾಡುವ ಪದ್ಧತಿಗೆ ಒಳಪಟ್ಟಿತು. ಕಾಲು ಮುರಿದರೆ ಬಿಡಿಗಾಸು ಕೊಡಬೇಕಿಲ್ಲ. ಮರೆವಿನ ರೋಗಕ್ಕೆ ತುತ್ತಾಗಿ ವೃದ್ಧಾಶ್ರಮ ಸೇರಿದರೆ ಮನೆಯನ್ನೇ ಮಾರಬೇಕಾಗಬಹುದು. ಈ ಬಿರುಕನ್ನು ಮುಚ್ಚುವೆವೆಂದು ಎರಡೂ ಪಕ್ಷಗಳ ಸರಕಾರಗಳು ಮತ್ತೆ ಮತ್ತೆ ಹೇಳಿವೆ, ಬಿರುಕು ಹಾಗೆಯೇ ಇದೆ.

ರೇನರ್ ಅವರ ಏಳಿಗೆಯನ್ನು ಇಲ್ಲಿಯ ಪತ್ರಿಕೆಗಳು ಒಬ್ಬ ಹೆಣ್ಣುಮಗಳ ಛಲದ ಕಥೆಯಾಗಿ ಹೇಳುತ್ತವೆ. ಛಲ ಇದ್ದೇ ಇತ್ತು. ಆದರೆ ನಮ್ಮ ನಾಡಿನಿಂದ ಬಂದ ನನ್ನ ಕಣ್ಣಿಗೆ ಮೊದಲು ಬೀಳುವುದು ಅವರು ಹತ್ತಿದ ಏಣಿ. ಅವರ ಕೆಲಸಕ್ಕೆ ನೌಕರಿ ಎಂಬ ಹೆಸರಿತ್ತು, ನೌಕರಿಯಾದ್ದರಿಂದ ಸಂಘವಿತ್ತು, ಸಂಘದಲ್ಲಿ ಸಹೋದ್ಯೋಗಿಗಳ ಪರವಾಗಿ ವಾದಿಸುವ ಪ್ರತಿನಿಧಿಗೆ ತರಬೇತಿಯಿತ್ತು. ಆ ಸಂಘಕ್ಕೂ ಒಂದು ರಾಜಕೀಯ ಪಕ್ಷಕ್ಕೂ ಹಳೆಯ ಸಂಬಂಧವಿತ್ತು, ಏಕೆಂದರೆ ಲೇಬರ್ ಪಕ್ಷವನ್ನು 1900ರಲ್ಲಿ ಕಟ್ಟಿದವರಲ್ಲಿ ಕಾರ್ಮಿಕ ಸಂಘಗಳೇ ಪ್ರಮುಖವಾಗಿದ್ದವು. ಈ ನಾಲ್ಕರಲ್ಲಿ ಒಂದು ಮೆಟ್ಟಿಲು ಇಲ್ಲದಿದ್ದರೂ ಅದೇ ಛಲದ ಅದೇ ಹೆಣ್ಣುಮಗಳು ಸ್ಟಾಕ್‌ಪೋರ್ಟಿನಲ್ಲೇ ಉಳಿದಿರುತ್ತಿದ್ದರು ಎಂಬುದು ನನ್ನ ದೃಢ ನಂಬಿಕೆ.

ನಮ್ಮ ಕಡೆ ಈ ಏಣಿಯೇ ಇಲ್ಲ, ಏಣಿ ಹತ್ತಬಲ್ಲವರು ಬೇಕಾದಷ್ಟಿದ್ದಾರೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ ಕೆಲವೇ ತಾಲ್ಲೂಕುಗಳಲ್ಲಿ ಆರಂಭವಾದಾಗ ನಮ್ಮ ತಿರುಮಕೂಡಲು ನರಸೀಪುರ ಅವುಗಳಲ್ಲಿ ಒಂದಾಗಿತ್ತು. ಆಗಿನಿಂದ ಇಂದಿನವರೆಗೆ ಅಂಗನವಾಡಿ ಕಾರ್ಯಕರ್ತೆಯಷ್ಟು ಊರನ್ನು ಬಲ್ಲವರು ಇನ್ನೊಬ್ಬರಿಲ್ಲ. ಯಾವ ಮಗುವಿನ ತೂಕ ಕುಸಿದಿದೆ, ಯಾವ ಬಾಣಂತಿಗೆ ರಕ್ತ ಕಡಿಮೆ, ಯಾವ ಮನೆಯ ಗಂಡಸು ಕುಡಿದು ಬಂದು ಬಾಗಿಲು ಒದೆಯುತ್ತಾನೆ ಎಂಬುದೆಲ್ಲ ಅವಳಿಗೆ ಗೊತ್ತು. ಹಿಂದೆ ದಪ್ಪ ರಿಜಿಸ್ಟರುಗಳಲ್ಲಿ ಬರೆಯುತ್ತಿದ್ದುದನ್ನು ಈಗ ಮೊಬೈಲಿಗೂ ತುಂಬಿಸುತ್ತಾಳೆ. 2005ರಲ್ಲಿ ಬಂದ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಅವಳ ಪಕ್ಕದಲ್ಲಿ ಆಶಾ ಕಾರ್ಯಕರ್ತೆಯೂ ನಿಂತಳು. ಶಾಸಕನಾಗಬಯಸುವವನಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಯಾವುದಿದೆ?

ಆದರೂ ಇವರು ನೌಕರರಲ್ಲ. ಕರ್ನಾಟಕ ಸರಕಾರ ಮತ್ತು ಅಮೀರಬಿ ಅವರ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ, ಅಂಗನವಾಡಿ ಕಾರ್ಯಕರ್ತೆಯರದು ಸರಕಾರದ ಸಿವಿಲ್ ಹುದ್ದೆಯಲ್ಲ ಎಂದು ತೀರ್ಪಿತ್ತಿತು. 2022ರಲ್ಲಿ ಗುಜರಾತಿನ ಮೊಕದ್ದಮೆಯೊಂದರಲ್ಲಿ ಅದೇ ನ್ಯಾಯಾಲಯ ಅವರಿಗೆ ಗ್ರಾಚ್ಯುಟಿಯ ಹಕ್ಕಿದೆ ಎಂದು ಒಪ್ಪಿಕೊಳ್ಳುವ ಹೊತ್ತಿಗೆ ಹದಿನಾರು ವರ್ಷ ಕಳೆದಿತ್ತು. 2022ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶದ ಆಶಾ ಕಾರ್ಯಕರ್ತೆಯರನ್ನು ಪ್ರಶಸ್ತಿ ಕೊಟ್ಟು ಗೌರವಿಸಿತು. 2025ರ ಜನವರಿಯ ಚಳಿಯಲ್ಲಿ ಕರ್ನಾಟಕದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕುಳಿತು, ತಿಂಗಳಿಗೆ ಕನಿಷ್ಠ 10 ಸಾವಿರ ರೂಪಾಯಿಯ ಭರವಸೆ ಪಡೆದು ಊರಿಗೆ ಮರಳಿದರು. ಇವರಿಗೂ ಸಂಘಗಳಿವೆ, ಹೋರಾಡಿ ಗೆಲ್ಲುವ ನಾಯಕಿಯರಿದ್ದಾರೆ. ಆದರೆ ಅಂಥ ನಾಯಕಿಗೆ ಟಿಕೆಟ್ ಕೊಡಬೇಕೆಂದು ನಮ್ಮ ದೊಡ್ಡ ಪಕ್ಷಗಳಿಗೆ ಅನಿಸುವುದಿಲ್ಲ.

ಇದರ ಬೇರು ನಮ್ಮ ಒಂದು ಮಾತಿನಲ್ಲಿದೆ ಎಂದು ನನಗೆ ಬಹಳ ದಿನಗಳಿಂದ ಅನಿಸುತ್ತಿದೆ. ಆ ಮಾತು ಸೇವೆ. ರಾಜಕಾರಣಿ ಮಾಡುವುದು ಜನಸೇವೆ, ಅಂಗನವಾಡಿಯಾಕೆ ಮಾಡುವುದೂ ಸೇವೆ, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯ ಮಲಮೂತ್ರ ಬಳಿಯುವ ಸೊಸೆ ಮಾಡುವುದೂ ಸೇವೆ. ಮೊದಲಿನವನಿಗೆ ಆ ಮಾತು ಅಧಿಕಾರವನ್ನು ತಂದುಕೊಡುತ್ತದೆ. ಉಳಿದಿಬ್ಬರಿಗೆ ಅದೇ ಮಾತು ಕೂಲಿ ಕೇಳದಂತೆ ಬಾಯಿ ಕಟ್ಟುತ್ತದೆ. ಸಂಬಳ ಎನ್ನಬೇಕಾದದ್ದನ್ನು ನಾವು ಗೌರವಧನ ಎನ್ನುತ್ತೇವೆ. ನನ್ನ ತಾಯಿಯ ಕೊನೆಯ ಎರಡು ವರ್ಷ ಅವರನ್ನು ನೋಡಿಕೊಂಡವರು ನನ್ನ ಅತ್ತಿಗೆ. ನಾನು ಇಲ್ಲಿಂದ ಹಣ ಕಳಿಸಿದೆ, ರಜೆಯಲ್ಲಿ ಹೋದಾಗ ಬಂಧುಗಳು ನನ್ನನ್ನೇ ಒಳ್ಳೆಯ ಮಗನೆಂದು ಹೊಗಳಿದರು, ಅತ್ತಿಗೆಯ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ಕುಟುಂಬದ ಆರೈಕೆಯಲ್ಲಿರುವ ಮಮತೆಯನ್ನು ನಾನು ಕಡೆಗಣಿಸುತ್ತಿಲ್ಲ. ನನ್ನ ನೆರೆಯ ಅಜ್ಜಿಗೆ ಆ ಮಮತೆ ದಿನಕ್ಕೆ ಮೂರು ಅರ್ಧ ಗಂಟೆಗಳ ಲೆಕ್ಕದಲ್ಲಿ ಸಿಗುವುದನ್ನು ನೋಡಿದಾಗ ಕರುಳು ಚುರುಕ್ಕೆನ್ನುತ್ತದೆ. ಆದರೆ ಮನೆಯೊಳಗೇ ಮುಗಿದುಹೋಗುವ ದುಡಿಮೆ ಬಜೆಟ್ಟಿಗೆ ಬರುವುದಿಲ್ಲ, ಚುನಾವಣೆಯ ವಿಷಯವಾಗುವುದಿಲ್ಲ, ಅದನ್ನು ಮಾಡಿದವಳನ್ನು ನಾಯಕಿಯಾಗಿಸುವುದೂ ಇಲ್ಲ.

ನಮ್ಮಲ್ಲಿ ದಾರಿಯನ್ನು ತೆರೆದದ್ದೂ ಉಂಟು. ಕರ್ನಾಟಕದ ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬರ ಕಾಲದ 1983ರ ಪಂಚಾಯತಿ ಕಾಯಿದೆ ಇಡೀ ದೇಶಕ್ಕಿಂತ ಮೊದಲೇ ಮಹಿಳೆಯರಿಗೆ ಕಾಲುಭಾಗ ಸ್ಥಾನಗಳನ್ನು ಮೀಸಲಿಟ್ಟಿತು, ಇಂದು ಪಂಚಾಯತಿಗಳಲ್ಲಿ ಅದು ಅರ್ಧಕ್ಕೆ ಏರಿದೆ. ಆದರೆ 2023ರ ಚುನಾವಣೆಯಲ್ಲಿ 224 ಸ್ಥಾನಗಳ ವಿಧಾನಸಭೆಗೆ ಗೆದ್ದು ಬಂದ ಮಹಿಳೆಯರು ಹತ್ತೇ ಮಂದಿ. ಹಳ್ಳಿಯ ಮಟ್ಟದಲ್ಲಿ ತೆರೆದ ದಾರಿ ವಿಧಾನಸೌಧದ ಮೆಟ್ಟಿಲನ್ನು ಮುಟ್ಟುವ ಮೊದಲೇ ಸವೆದುಹೋಗುತ್ತದೆ.

ಇಂಗ್ಲೆಂಡನ್ನು ಮಾದರಿಯೆಂದು ಎತ್ತಿ ತೋರಿಸಲು ನಾನು ಇದನ್ನು ಬರೆಯುತ್ತಿಲ್ಲ. ರೇನರ್ ಅವರಿಗೆ ಸಿಕ್ಕಂಥ ಕೌನ್ಸಿಲ್ ನೌಕರಿ ಇಂದು ಅಪರೂಪ. ಮನೆ ಆರೈಕೆಯ ಹೆಚ್ಚಿನ ಪಾಲು ಖಾಸಗಿ ಕಂಪನಿಗಳ ಕೈಯಲ್ಲಿದೆ, ಎರಡು ಮನೆಗಳ ನಡುವೆ ಓಡಾಡುವ ಹೊತ್ತಿಗೆ ಕೂಲಿ ಸಿಗುವುದಿಲ್ಲವೆಂಬ ದೂರು ಎಲ್ಲೆಡೆ ಕೇಳಿಬರುತ್ತದೆ. ಅವರು ಉಪಪ್ರಧಾನಿಯಾಗಿದ್ದ ಸರಕಾರವೇ 2025ರ ಜುಲೈನಲ್ಲಿ ಹೊರದೇಶಗಳಿಂದ ಕೇರರುಗಳನ್ನು ಹೊಸದಾಗಿ ಕರೆಸಿಕೊಳ್ಳುವ ವೀಸಾವನ್ನು ನಿಲ್ಲಿಸಿತು. ಆ ವೀಸಾದಲ್ಲಿ ನಮ್ಮ ದೇಶದಿಂದಲೂ ಬಹಳ ಮಂದಿ ಬಂದಿದ್ದರು. ತನ್ನ ವೃದ್ಧರನ್ನು ತೊಳೆದು ಒರೆಸಿದ ಕೈಗಳಿಗೆ ಒಂದು ದೇಶ ಹೀಗೆ ಬಾಗಿಲು ಮುಚ್ಚಿದ್ದು ನನಗೆ ನೋವು ತಂದಿತು, ಆ ಸಂಪುಟದಲ್ಲಿ ಒಬ್ಬ ಹಳೆಯ ಕೇರರ್ ಇದ್ದರೆಂಬುದು ಆ ನೋವನ್ನು ಹೆಚ್ಚಿಸಿತು.

ಅದೇ ಸೆಪ್ಟೆಂಬರಿನಲ್ಲಿ ಅವರು ಪದವಿ ಕಳೆದುಕೊಂಡರು. ಹೋವ್ ಪಟ್ಟಣದಲ್ಲಿ ಕೊಂಡ ಫ್ಲಾಟಿಗೆ ಕಟ್ಟಬೇಕಾದ ತೆರಿಗೆಯಲ್ಲಿ ಸುಮಾರು 40 ಸಾವಿರ ಪೌಂಡ್ ಕಡಿಮೆಯಾಗಿತ್ತು. ಅಂಗವಿಕಲ ಮಗನಿಗಾಗಿ ಮಾಡಿದ್ದ ಟ್ರಸ್ಟಿನಿಂದಾಗಿ ಲೆಕ್ಕ ತೊಡಕಾಗಿತ್ತು. ಅವರು ಪ್ರಾಮಾಣಿಕವಾಗಿ ನಡೆದುಕೊಂಡಿದ್ದರೂ ಸಚಿವರ ನೀತಿಸಂಹಿತೆಯನ್ನು ಮುರಿದಿದ್ದಾರೆ ಎಂದು ಸ್ವತಂತ್ರ ಸಲಹೆಗಾರರು ಹೇಳಿದ ಕೂಡಲೇ ರಾಜೀನಾಮೆ ಕೊಟ್ಟರು. ಕೊಡಬೇಕಾಗಿತ್ತು ಎಂದೇ ನನ್ನ ಅಭಿಪ್ರಾಯ. ವಸತಿ ಸಚಿವೆಯಾಗಿದ್ದವರಿಗೆ ಮನೆಯ ತೆರಿಗೆಯಲ್ಲಿ ರಿಯಾಯಿತಿ ತೋರುವುದು ಅವರು ಬಂದ ವರ್ಗಕ್ಕೇ ಮಾಡುವ ಅವಮಾನವಾಗುತ್ತಿತ್ತು.

ಆದರೆ ಅವರು ಮುಂದೆ ನಿಂತು ರೂಪಿಸಿದ ಉದ್ಯೋಗ ಹಕ್ಕುಗಳ ಮಸೂದೆ 2025ರ ಡಿಸೆಂಬರಿನಲ್ಲಿ ಕಾಯಿದೆಯಾಯಿತು. ವಯಸ್ಕರ ಆರೈಕೆಯ ಕ್ಷೇತ್ರಕ್ಕೆಂದೇ ಸಂಘಗಳೂ ಮಾಲೀಕರೂ ಒಂದೇ ಮೇಜಿನ ಸುತ್ತ ಕುಳಿತು ವೇತನ ಮತ್ತು ಷರತ್ತುಗಳನ್ನು ಗೊತ್ತುಮಾಡುವ ಮಂಡಳಿಗೆ ಅದರಲ್ಲಿ ಅವಕಾಶವಿದೆ. ಈ ಸುದ್ದಿಯನ್ನು ಪಕ್ಕದ ಮನೆಗೆ ಬರುವ ಆ ಹೆಣ್ಣುಮಗಳಿಗೆ ಹೇಳಿದೆ. ಬೀಗದ ಕೈಯನ್ನು ಪೆಟ್ಟಿಗೆಯಲ್ಲಿಟ್ಟು ಅಂಕಿಗಳನ್ನು ಕೆಡಿಸುತ್ತಿದ್ದವಳು ತಿರುಗಿ ಒಂದೇ ಪ್ರಶ್ನೆ ಕೇಳಿದಳು: ಇಲ್ಲಿಂದ ಮುಂದಿನ ಮನೆಗೆ ನಡೆಯುವ ಇಪ್ಪತ್ತು ನಿಮಿಷವನ್ನೂ ಅವರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆಯೇ?